ಆಡಿಟರ್ ಆಫೀಸಿನಲ್ಲಿ 3 ವರ್ಷ ಆಯ್ತು: ಮುಂದೆ ಸಿಎ ಇಂಟರಾ, ಬ್ಯಾಂಕಾ, ದುಬೈಯಾ?

ಸಂತೆಕಟ್ಟೆ_ಬಿಕಾಂ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಗಳೂರು ವಿವಿಯ ಬಿ.ಕಾಂ, 61%. ವಯಸ್ಸು 24. ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸ, ಸಂಬಳ 16 ಸಾವಿರ. ಸುಮಾರು 35 ಪಾರ್ಟಿಗಳ (ಗ್ರಾಹಕರ) ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್), 3ಬಿ (ತೆರಿಗೆ ಕಟ್ಟುವ ರಿಟರ್ನ್), ಟ್ಯಾಲಿ ಸಾಫ್ಟ್‌ವೇರಿನಲ್ಲಿ ಎಂಟ್ರಿ, ಜುಲೈಯಲ್ಲಿ ಸಂಬಳದವರ ಐಟಿ ರಿಟರ್ನ್. ಪಾರ್ಟಿಗಳೆಂದರೆ ಹೋಟೆಲು, ಮಲ್ಪೆ ಕಡೆಯ ಐಸ್ ಪ್ಲಾಂಟು, ಗೇರುಬೀಜ, ಹಾರ್ಡ್‌ವೇರ್ ಅಂಗಡಿ, ಹೀಗೆ. ಮೊದಲ ವರ್ಷ ಮಾಡಿದ್ದನ್ನೇ ಮೂರನೇ ವರ್ಷವೂ ಮಾಡ್ತಾ ಇದ್ದೇನೆ.

ಕಣ್ಣೆದುರು ಮೂರು ದಾರಿ ಉಂಟು. ಸಿಎ ಕೋರ್ಸಿನ ಎರಡನೇ ಹಂತವಾದ ಇಂಟರ್‌ಗೆ ನೇರ ಪ್ರವೇಶ, ಐಬಿಪಿಎಸ್ (ಬ್ಯಾಂಕ್ ನೇಮಕಾತಿ ಪರೀಕ್ಷೆ) ಬರೆದು ಬ್ಯಾಂಕ್, ಇಲ್ಲವೇ ದುಬೈಯಲ್ಲಿ ಅಕೌಂಟೆಂಟ್. ಸಂಬಳ ಇಲ್ಲದೆ ಮನೆ ನಡೆಸಲಿಕ್ಕೆ ಹೆಚ್ಚೆಂದರೆ ಆರು ತಿಂಗಳು ಆದೀತು. ಯಾವುದಕ್ಕೆ ಎಷ್ಟು ಸಮಯ, ಎಷ್ಟು ಖರ್ಚು, ಎಲ್ಲಿ ಕೈ ಕೊಡ್ತದೆ ಅಂತ ಗೊತ್ತಿದ್ದವರು ಹೇಳಿ. "ನಿಮಗೆ ಇಷ್ಟ ಇದ್ದದ್ದು ಮಾಡಿ" ಅಂತ ಮಾತ್ರ ಹೇಳ್ಬೇಡಿ, ಅದನ್ನು ಮನೆಯಲ್ಲೂ ಹೇಳ್ತಾರೆ.

ಕಲ್ಸಂಕ_ಲೆಡ್ಜರ್:

ಮೂರೂ ದಾರಿಗಿಂತ ಮೊದಲು ಈಗಿನ ಕೆಲಸದ ಬಗ್ಗೆ ಹೇಳ್ತೇನೆ. ನೀವು ಮಾಡ್ತಾ ಇರುವುದು ರಿಟರ್ನ್ ತುಂಬುವ ಕೆಲಸ, ಅದಕ್ಕೆ ಬೆಲೆ ಇಳೀತಾ ಬಂದಿದೆ. 2025ರ ಜುಲೈ ತಿಂಗಳ ರಿಟರ್ನಿನಿಂದ 3ಬಿಯ ತೆರಿಗೆ ಮೊತ್ತ ಜಿಎಸ್‌ಟಿಆರ್-1ರಿಂದ ತಾನೇ ಬಂದು ಕೂರ್ತದೆ, ಕೈಯಲ್ಲಿ ತಿದ್ದಲಿಕ್ಕೆ ಬರುವುದಿಲ್ಲ. ತಪ್ಪಾಗಿದ್ದರೆ 3ಬಿ ಹಾಕುವ ಮೊದಲೇ ಜಿಎಸ್‌ಟಿಆರ್-1ಎ (ತಿದ್ದುಪಡಿ ಫಾರ್ಮ್) ಮೂಲಕ ಸರಿ ಮಾಡ್ಬೇಕು. ಪೋರ್ಟಲೇ ತುಂಬುವುದಾದರೆ ತುಂಬುವವನಿಗೆ ಯಾರು ಎಷ್ಟು ಕೊಡ್ತಾರೆ? ದುಡ್ಡು ಇರುವುದು ಫೈನಲೈಸೇಷನ್‌ಗೆ (ವರ್ಷದ ಲೆಕ್ಕ ಮುಗಿಸಿ ಬ್ಯಾಲೆನ್ಸ್ ಶೀಟ್ ಮಾಡುವುದು) ಮತ್ತು ನೋಟಿಸಿಗೆ ಉತ್ತರ ಬರೆಯುವುದಕ್ಕೆ. ಆರ್ಟಿಕಲ್ಸ್‌ಗೆ (ಸಿಎ ಕೋರ್ಸಿನ ಆಫೀಸು ತರಬೇತಿ) ಹೋದರೂ, ಬ್ಯಾಂಕಿನ ಸಾಲ ವಿಭಾಗಕ್ಕೆ ಹೋದರೂ, ದುಬೈಗೆ ಹೋದರೂ ಕೇಳುವುದು ಅದನ್ನೇ.

ಒಂದು ಹೋಟೆಲ್ ಫೈಲ್ ಇಟ್ಟುಕೊಂಡು ನೋಡುವ. ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ಪಟ್ಟಿ) ತೆಗೆದ ಕೂಡಲೇ ಮೊದಲು ಬ್ಯಾಂಕ್ ಸಾಲದ ಖಾತೆ ನೋಡಿ. ಟ್ಯಾಲಿಯಲ್ಲಿ ಇಎಂಐ ಪೂರ್ತಿ ಸಾಲಕ್ಕೇ ಡೆಬಿಟ್ ಹಾಕಿರ್ತಾರೆ, ಬಡ್ಡಿ ಬೇರೆ ಮಾಡಿರುವುದಿಲ್ಲ. ಮಾರ್ಚ್ 31ರ ಬಾಕಿ ಬ್ಯಾಂಕಿನ ಸ್ಟೇಟ್‌ಮೆಂಟಿಗೆ ತಾಳೆ ಆಗದಿದ್ದರೆ ನೂರಕ್ಕೆ ತೊಂಬತ್ತು ಪಾಲು ಕಾರಣ ಇದೇ.

ಆಮೇಲೆ ವಹಿವಾಟು. ಪುಸ್ತಕ, ಜಿಎಸ್‌ಟಿಆರ್-1, 3ಬಿ, ಎಐಎಸ್ (ಆದಾಯ ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿ) ನಾಲ್ಕೂ ಕಡೆ ಒಂದೇ ಅಂಕಿ ಬರ್ಬೇಕು, ಬಾರದಿದ್ದರೆ ಯಾಕೆ ಅಂತ ಬರೆದಿಡ್ಬೇಕು. ಈಗಿನ ಹೋಟೆಲುಗಳಲ್ಲಿ ತಪ್ಪುವುದು ಸ್ವಿಗ್ಗಿ, ಜೊಮ್ಯಾಟೊ ಲೆಕ್ಕದಲ್ಲಿ. 500 ರೂಪಾಯಿಯ ಊಟ ಹೋಯ್ತು, ಆ್ಯಪ್‌ನವರು 100 ಕಮಿಷನ್, ಅದರ ಮೇಲೆ 18 ಜಿಎಸ್‌ಟಿ ಹಿಡಿದು 382 ಬ್ಯಾಂಕಿಗೆ ಹಾಕಿದರು ಅಂತ ಇಟ್ಟುಕೊಳ್ಳಿ (ಟಿಡಿಎಸ್ ಲೆಕ್ಕ ಬೇರೆ). ಎಂಟ್ರಿ ಹಾಕುವವರು 382ನ್ನೇ ಸೇಲ್ಸ್ ಅಂತ ಹಾಕ್ತಾರೆ. ಸರಿಯಾದ್ದು 500 ಸೇಲ್ಸ್, 118 ಖರ್ಚು. 5% ತೆರಿಗೆಯ ಹೋಟೆಲಿಗೆ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಇಲ್ಲ, ಹಾಗಾಗಿ ಆ 18 ಕೂಡ ಖರ್ಚೇ. ಊಟದ ಮೇಲಿನ 5% ತೆರಿಗೆಯನ್ನು 2022ರ ಜನವರಿ 1ರಿಂದ ಆ್ಯಪ್‌ನವರೇ ಸರ್ಕಾರಕ್ಕೆ ಕಟ್ಟುತ್ತಾರೆ. ಹೋಟೆಲಿನವರು ಆ ವಹಿವಾಟನ್ನು 3ಬಿಯ 3.1.1ರ ಎರಡನೇ ಸಾಲಿನಲ್ಲಿ ತೋರಿಸಬೇಕು, ತೆರಿಗೆ ಕಟ್ಟಲಿಕ್ಕಿಲ್ಲ. ಕೆಲವರು ತೋರಿಸುವುದೇ ಇಲ್ಲ, ಕೆಲವರು ಎರಡು ಸಲ ಕಟ್ಟುತ್ತಾರೆ.

ಬಾಡಿಗೆ ನೋಡಿ. ಕಟ್ಟಡದ ಧನಿಗಳಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಬಾಡಿಗೆಗೆ ಇರುವ ಹೋಟೆಲಿಗೆ ಉಂಟು. 2024ರ ಅಕ್ಟೋಬರ್ 10ರಿಂದ ಇಂಥಲ್ಲಿ ಹೋಟೆಲೇ ಆರ್‌ಸಿಎಮ್‌ನಲ್ಲಿ (ಕೊಟ್ಟವರ ಬದಲು ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) 18% ಕಟ್ಟಬೇಕು. ಬಾಡಿಗೆ 40,000 ಆದರೆ ತಿಂಗಳಿಗೆ 7,200, ವರ್ಷಕ್ಕೆ 86,400. ಇನ್‌ಪುಟ್ ಇಲ್ಲದ ಕಾರಣ ಪೂರ್ತಿ ಕೈಯಿಂದ ಹೋಗುವ ಹಣ. ಇದನ್ನು ಮೊದಲೇ ಹಿಡಿದು ಹೇಳಿದವನನ್ನು ಪಾರ್ಟಿ ಮರೆಯುವುದಿಲ್ಲ, ಎರಡು ವರ್ಷ ಆದ ಮೇಲೆ ಬಡ್ಡಿ ಸಮೇತ ಹೇಳಿದವನನ್ನೂ ಮರೆಯುವುದಿಲ್ಲ. ಗೇರುಬೀಜ ಕಾರ್ಖಾನೆಯಾದರೆ ಹಸಿ ಬೀಜ ರೈತರಿಂದ ನೇರ ತಗೊಂಡದ್ದೆಷ್ಟು, ವ್ಯಾಪಾರಿಯಿಂದ ತಗೊಂಡದ್ದೆಷ್ಟು ಅಂತ ಬೇರೆ ಮಾಡಿ. ರೈತರಿಂದ ತಗೊಂಡದ್ದಕ್ಕೆ ಆರ್‌ಸಿಎಮ್ ಬರ್ತದೆ, ಆದರೆ ಅಲ್ಲಿ ಇನ್‌ಪುಟ್ ಸಿಗ್ತದೆ.

ಉಳಿದದ್ದು ಬೇಗ ಹೇಳ್ತೇನೆ. 1961ರ ಕಾಯ್ದೆಯ ವರ್ಷಗಳ ಫೈಲಾದರೆ ಪಿಎಫ್, ಇಎಸ್‌ಐಯಲ್ಲಿ ನೌಕರರ ಪಾಲು 15ನೇ ತಾರೀಕು ದಾಟಿದ್ದರೆ ಆ ಖರ್ಚು ಶಾಶ್ವತವಾಗಿ ಹೋಯ್ತು, 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪೇ ಉಂಟು. 180 ದಿನಕ್ಕಿಂತ ಕಡಿಮೆ ಬಳಸಿದ ಯಂತ್ರಕ್ಕೆ ಸವಕಳಿ ಅರ್ಧ, ಬಿಲ್ಲಿನ ತಾರೀಕು ಸಾಲದು, ಯಾವಾಗ ಓಡಿಸಲಿಕ್ಕೆ ಸುರು ಮಾಡಿದರು ಅಂತ ಕೇಳಿ. ಒಬ್ಬರಿಗೆ ಒಂದು ದಿನ 10,000 ಮೀರಿ ನಗದು ಕೊಟ್ಟದ್ದು ಉಂಟಾ? ಗ್ರಾಸ್ ಪ್ರಾಫಿಟ್ ಹೋದ ವರ್ಷಕ್ಕಿಂತ ಏಕಾಏಕಿ ಏರಿದೆಯಾ? ಏರಿದ್ದರೆ ಒಂದೋ ಖರೀದಿ ಬಿಲ್ಲು ಬಿಟ್ಟುಹೋಗಿದೆ, ಇಲ್ಲ ಕ್ಲೋಸಿಂಗ್ ಸ್ಟಾಕ್ ಅಂದಾಜಿಗೆ ಬರೆದದ್ದು.

ಇಷ್ಟನ್ನೂ ಒಂದು ಎಕ್ಸೆಲ್ ಫೈಲಿನಲ್ಲಿ, ಒಂದೊಂದಕ್ಕೆ ಒಂದೊಂದು ಶೀಟ್ ಮಾಡಿ ಕೊಡುವವರಿಗೆ ಆಫೀಸಿನಲ್ಲಿ ಬದಲಿ ಹುಡುಕುವುದು ಕಷ್ಟ. ಇನ್ನೊಂದು, ಸೆಕ್ಷನ್ ನಂಬರ್ ಬಾಯಿಪಾಠದ ಮೇಲೆ ನಿಂತವರಿಗೆ ಈಗ ಕಾಲ ಸರಿಯಿಲ್ಲ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, ನಂಬರುಗಳೆಲ್ಲ ಅದಲುಬದಲು. ಹಳಬರೂ ಹೊಸಬರೂ ಒಂದೇ ಗೆರೆಯಿಂದ ಓಡಬೇಕು, ನಿಮ್ಮ ವಯಸ್ಸಿನವರಿಗೆ ಅದು ಒಳ್ಳೆಯದೇ.

ಹಂಪನಕಟ್ಟೆ_ಇಂಟರ್:

ಸಿಎ ದಾರಿಯ ಲೆಕ್ಕ ನಾನು ಹೇಳ್ತೇನೆ. ಕಾಮರ್ಸ್ ಪದವಿಯಲ್ಲಿ 55% ಇದ್ದರೆ ಮೊದಲ ಹಂತದ ಫೌಂಡೇಶನ್ ಬೇಡ, ನೇರ ಇಂಟರ್‌ಗೆ ನೋಂದಣಿ ಆಗ್ತದೆ, ನಿಮ್ಮ 61% ಸಾಕು. ನೋಂದಣಿಯಾಗಿ 8 ತಿಂಗಳ ಅಧ್ಯಯನ ಅವಧಿ ಮುಗಿದ ಮೇಲೆ ಪರೀಕ್ಷೆ. ಎರಡು ಗ್ರೂಪ್, ತಲಾ ಮೂರು ಪೇಪರ್. ಮೊದಲ ಗ್ರೂಪಿನಲ್ಲಿ ಅಡ್ವಾನ್ಸ್‌ಡ್ ಅಕೌಂಟಿಂಗ್, ಕಾನೂನು, ಟ್ಯಾಕ್ಸೇಷನ್. ಎರಡನೆಯದರಲ್ಲಿ ಕಾಸ್ಟಿಂಗ್, ಆಡಿಟಿಂಗ್, ಮತ್ತು ಫೈನಾನ್ಶಿಯಲ್ ಮ್ಯಾನೇಜ್‌ಮೆಂಟ್ ಜೊತೆ ಸ್ಟ್ರಾಟೆಜಿಕ್ ಮ್ಯಾನೇಜ್‌ಮೆಂಟ್. ಪ್ರತಿ ಪೇಪರಿಗೆ 40, ಒಟ್ಟಿಗೆ 50% ಬೇಕು. 30 ಅಂಕ ಬಹು ಆಯ್ಕೆ, ಬಾಕಿ ಬರೆಯುವುದು.

2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲಿ ಎರಡೂ ಗ್ರೂಪ್ ಪಾಸಾದ ಮೇಲೆಯೇ ಆರ್ಟಿಕಲ್ಸ್, ಅದು 2 ವರ್ಷ. ಮುಗಿದ ಮೇಲೆ 6 ತಿಂಗಳು ಓದು, ಆಮೇಲೆ ಫೈನಲ್. ಎಲ್ಲವೂ ಮೊದಲ ಸಲಕ್ಕೇ ಆದರೂ ನಾಲ್ಕು ವರ್ಷದ ಹತ್ತಿರ. ನೀವು ಈಗ ಮಾಡಿದ 3 ವರ್ಷ ಆರ್ಟಿಕಲ್ಸ್ ಲೆಕ್ಕಕ್ಕೆ ಬರುವುದಿಲ್ಲ, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿ ದೊಡ್ಡ ಖರ್ಚು ಕೋಚಿಂಗ್ ಫೀಸಿನದ್ದಲ್ಲ. 24 ತಿಂಗಳು 16,000 ಅಂದರೆ 3,84,000 ಸಂಬಳ ಬಿಟ್ಟು, ಅದರ ಬದಲಿಗೆ ಸ್ಟೈಪೆಂಡ್ ತಗೊಳ್ಳಬೇಕು. ಸಿಎ ಸಂಸ್ಥೆ ಐಸಿಎಐ ಹೇಳಿದ ಕನಿಷ್ಠ ಸ್ಟೈಪೆಂಡ್ ಕೆಲವೇ ಸಾವಿರ, ಹೆಚ್ಚು ಕೊಡುವ ಆಫೀಸುಗಳೂ ಇವೆ. ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ.

ಕೆಲಸದ ಜೊತೆ ಓದುವುದಾದರೆ ಪರೀಕ್ಷೆಯ ತಿಂಗಳು ಆರಿಸುವುದರಲ್ಲೇ ಅರ್ಧ ಗೆಲುವು. 2024ರಿಂದ ಇಂಟರ್ ವರ್ಷಕ್ಕೆ ಮೂರು ಸಲ: ಜನವರಿ, ಮೇ, ಸೆಪ್ಟೆಂಬರ್. ಮೇಗೆ ಬರೆದರೆ ಏಪ್ರಿಲಿನ ಬ್ಯಾಂಕ್ ಆಡಿಟ್ ತಿಂದು ಹಾಕ್ತದೆ. ಸೆಪ್ಟೆಂಬರಿಗೆ ಬರೆದರೆ ಜುಲೈಯ ರಿಟರ್ನು, ಆಮೇಲೆ 30ಕ್ಕೆ ಟ್ಯಾಕ್ಸ್ ಆಡಿಟ್. ಜನವರಿಯೇ ಸರಿ, ಅಕ್ಟೋಬರ್ 31 ಕಳೆದರೆ ನವೆಂಬರ್, ಡಿಸೆಂಬರ್ ಸ್ವಲ್ಪ ಉಸಿರಾಡಬಹುದು. ಡಿಸೆಂಬರ್ 31ರ ಜಿಎಸ್‌ಟಿಆರ್-9 (ವಾರ್ಷಿಕ ರಿಟರ್ನ್) ಮಾತ್ರ ಉಂಟು, ವಹಿವಾಟು 2 ಕೋಟಿ ಮೀರಿದ ಪಾರ್ಟಿಗಳದ್ದನ್ನು ಅಕ್ಟೋಬರಿನಲ್ಲೇ ಅರ್ಧ ಮಾಡಿಟ್ಟರೆ ರಜೆ ಕೇಳಲಿಕ್ಕೆ ಬಾಯಿ ಬರ್ತದೆ. ಜನವರಿಗೆ ಬರೆಯಬೇಕಾದರೆ ಹಿಂದಿನ ಏಪ್ರಿಲ್ ಮುಗಿಯುವುದರೊಳಗೆ ನೋಂದಣಿ ಆಗಿರಬೇಕು, 8 ತಿಂಗಳ ಲೆಕ್ಕ.

ಗಂಟೆ ಲೆಕ್ಕ ಹಾಕಿ. ವಾರದ ಆರು ದಿನ ಎರಡೂವರೆ ಗಂಟೆ, ಭಾನುವಾರ 7, ಒಟ್ಟು 22 ಗಂಟೆ. 32 ವಾರಕ್ಕೆ 704. ಆರು ಪೇಪರಿಗೆ ಹಂಚಿದರೆ ಒಂದಕ್ಕೆ 117 ಗಂಟೆ, ಒಂದು ಓದು ಮುಗಿದೀತು, ರಿವಿಜನ್ ಆಗುವುದಿಲ್ಲ. ಒಂದು ಗ್ರೂಪಿಗೆ ಹಾಕಿದರೆ ಎರಡು ರಿವಿಜನ್‌ಗೆ ಸಾಕು. ಎರಡೂ ಗ್ರೂಪ್ ಒಟ್ಟಿಗೆ ಬರೆದರೆ ಒಂದು ಲಾಭ ಉಂಟು, ಟ್ಯಾಕ್ಸಿನಲ್ಲಿ ಹೆಚ್ಚು ಬಂದದ್ದು ಕಾಸ್ಟಿಂಗಿನ ಕೊರತೆ ತುಂಬ್ತದೆ, 600ಕ್ಕೆ 300 ಆದರೆ ಆಯ್ತು, 40ರ ಕೆಳಗೆ ಯಾವುದೂ ಹೋಗಬಾರದು ಅಷ್ಟೆ. ಆದರೂ ಕೆಲಸದಲ್ಲಿ ಇರುವವರು ಮೊದಲು ಒಂದನೇ ಗ್ರೂಪ್ ಹಿಡಿಯುವುದು ಒಳ್ಳೆಯದು.

ಆಫೀಸಿನವರು ಫೇಲಾಗುವುದು ಎಲ್ಲಿ ಅಂದರೆ, ನಂಬಿದ್ರೆ ನಂಬಿ, ಟ್ಯಾಕ್ಸಿನಲ್ಲಿ. ದಿನಾ ಮಾಡುವ ಕೆಲಸ ತಾನೇ ಅಂತ ಓದುವುದಿಲ್ಲ. ಪೋರ್ಟಲಿನಲ್ಲಿ ಯಾವ ಬಟನ್ ಒತ್ತಬೇಕು ಅಂತ ಪರೀಕ್ಷೆಯಲ್ಲಿ ಕೇಳುವುದಿಲ್ಲ, ಟೈಮ್ ಆಫ್ ಸಪ್ಲೈ (ತೆರಿಗೆ ಯಾವ ದಿನಕ್ಕೆ ಬೀಳ್ತದೆ) ಲೆಕ್ಕ ಹಾಕಿ ಕಾರಣ ಬರೆಯಿರಿ ಅಂತ ಕೇಳ್ತಾರೆ. ಸಂಸ್ಥೆಯ ಸ್ಟಡಿ ಮೆಟೀರಿಯಲ್, ಆರ್‌ಟಿಪಿ (ರಿವಿಜನ್ ಪೇಪರ್), ಎಂಟಿಪಿ (ಮಾದರಿ ಪರೀಕ್ಷೆಯ ಪೇಪರ್) ಅವರ ವೆಬ್‌ಸೈಟಿನಲ್ಲಿ ಉಚಿತ. ಎಂಟಿಪಿಯನ್ನು ಮೂರು ಗಂಟೆ ಗಡಿಯಾರ ಇಟ್ಟು ಕೈಯಲ್ಲಿ ಬರೆಯಿರಿ, ವರ್ಷಗಟ್ಟಲೆ ಕೀಬೋರ್ಡ್ ಒತ್ತಿದ ಕೈಗೆ ಮೂರು ಗಂಟೆ ಬರೆಯಲಿಕ್ಕೇ ಆಗುವುದಿಲ್ಲ. ಉಡುಪಿಯಲ್ಲೂ ಮಂಗಳೂರಿನಲ್ಲೂ ಐಸಿಎಐ ಶಾಖೆ ಉಂಟು, ಸಂಶಯ ಇದ್ದರೆ ನೇರ ಹೋಗಿ ಕೇಳಿ.

ಕೊಡಿಯಾಲ್‌ಬೈಲ್_ಕೌಂಟರ್:

ಬ್ಯಾಂಕಿನ ಬಗ್ಗೆ. ನಮ್ಮ ಜಿಲ್ಲೆಯವರಿಗೆ ಬ್ಯಾಂಕ್ ಅಂದರೆ ಮನೆ ಅಂಗಳದ ಕೆಲಸ ಅಂತ ಒಂದು ಭ್ರಮೆ ಉಂಟು. ತಪ್ಪಲ್ಲ, ಕೆನರಾ ಮತ್ತು ಕಾರ್ಪೊರೇಷನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ, ಐದೂ ಇಲ್ಲಿಯೇ ಹುಟ್ಟಿದ್ದು. ಆದರೆ ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯ್ತು. ಪಿಒ (ಪ್ರೊಬೇಷನರಿ ಆಫೀಸರ್) ಆದರೆ ಪೋಸ್ಟಿಂಗ್ ಭಾರತದಲ್ಲಿ ಎಲ್ಲಿಗೂ. ಊರು ಬಿಡಲಿಕ್ಕೆ ಮನಸ್ಸಿಲ್ಲ ಅಂದರೆ ಕ್ಲರ್ಕ್ ನೋಡಿ, ಒಂದೇ ರಾಜ್ಯಕ್ಕೆ ಅರ್ಜಿ, ಕನ್ನಡ ಗೊತ್ತಿದೆಯೇ ಅಂತ ಪರೀಕ್ಷೆಯೂ ಉಂಟು, ಸಂದರ್ಶನ ಇಲ್ಲ.

ಕ್ಲರ್ಕ್‌ಗೆ ವಯಸ್ಸು 20ರಿಂದ 28, ಪಿಒಗೆ 20ರಿಂದ 30, ಒಬಿಸಿ ಕೇಂದ್ರ ಪಟ್ಟಿಯವರಿಗೆ 3 ವರ್ಷ ರಿಯಾಯಿತಿ. ಇದನ್ನು ಮೇಲಿನವರ ಸಿಎ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ. ಇಂಟರ್ ಎರಡು ಮೂರು ಸಲ ಜಾರಿದರೆ ಅಷ್ಟರಲ್ಲಿ ಕ್ಲರ್ಕ್ ಬಾಗಿಲು ಮುಚ್ಚಿರ್ತದೆ. "ಸಿಎ ಆಗದಿದ್ದರೆ ಬ್ಯಾಂಕ್" ಅನ್ನುವ ಲೆಕ್ಕಾಚಾರ ಹೆಚ್ಚಿನವರಿಗೆ ಕೈ ಕೊಡುವುದು ಇಲ್ಲಿಯೇ.

ಕ್ಲರ್ಕ್ ಪ್ರಿಲಿಮ್ಸ್ 100 ಪ್ರಶ್ನೆ: ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಒಂದೊಂದಕ್ಕೆ 20 ನಿಮಿಷ. ತಪ್ಪಾದರೆ ಕಾಲು ಅಂಕ ಕಡಿತ. ಇಂಗ್ಲಿಷ್ ಭಾಗ ಬಿಟ್ಟು ಉಳಿದದ್ದನ್ನು ಕನ್ನಡದಲ್ಲೂ ಬರೆಯಬಹುದು. ಬಿ.ಕಾಂನವರಿಗೆ ಅಕೌಂಟ್ಸ್ ಇಲ್ಲಿ ಏನೂ ಉಪಯೋಗ ಇಲ್ಲ, 20 ನಿಮಿಷದಲ್ಲಿ 35 ಲೆಕ್ಕ ಅಂದರೆ ಒಂದಕ್ಕೆ 34 ಸೆಕೆಂಡು. ಕ್ಯಾಲ್ಕುಲೇಟರ್ ಅಭ್ಯಾಸದವರು ಮೊದಲ ತಿಂಗಳು ಬರೇ ಮಗ್ಗಿ, ವರ್ಗ, ಭಿನ್ನರಾಶಿಯ ಶೇಕಡಾ ರೂಪ ಇಷ್ಟೇ ಮಾಡಿ. ಆಮೇಲೆ ವಾರಕ್ಕೆ ಎರಡು ಮಾಕ್ ಟೆಸ್ಟ್, ಪ್ರತಿ ಮಾಕ್ ಆದ ಮೇಲೆ ಬಿಟ್ಟ ಪ್ರಶ್ನೆ ಮತ್ತು ತಪ್ಪಾದ ಪ್ರಶ್ನೆ ಬೇರೆ ಬೇರೆ ಪಟ್ಟಿ ಮಾಡಿ. ಬಿಟ್ಟದ್ದು ಹೆಚ್ಚಿದ್ದರೆ ವೇಗದ ಸಮಸ್ಯೆ, ತಪ್ಪಾದದ್ದು ಹೆಚ್ಚಿದ್ದರೆ ಆತುರದ್ದು. ಎರಡಕ್ಕೂ ಮದ್ದು ಬೇರೆ.

ಸೇರಿದ ಮೇಲೆ ಜೆಎಐಐಬಿ, ಸಿಎಐಐಬಿ (ಬ್ಯಾಂಕ್ ನೌಕರರ ವೃತ್ತಿ ಪರೀಕ್ಷೆಗಳು) ಮುಗಿಸಿದರೆ ಇನ್‌ಕ್ರಿಮೆಂಟ್ ಸಿಗ್ತದೆ. ಆಡಿಟ್ ಆಫೀಸಿನಿಂದ ಬಂದವರು ಮಿಂಚುವುದು ಸಾಲ ವಿಭಾಗದಲ್ಲಿ, ಬ್ಯಾಲೆನ್ಸ್ ಶೀಟ್ ನೋಡಿ ಇದು ಸಾಲಕ್ಕಾಗಿಯೇ ಮಾಡಿದ್ದು ಅಂತ ವಾಸನೆ ಹಿಡಿಯುವವರು ಅಲ್ಲಿ ಕಡಿಮೆ. ಊರಲ್ಲೇ ಇರಬೇಕೆಂದರೆ ಎಸ್‌ಸಿಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕ್, ಸಹಕಾರಿ ಸೊಸೈಟಿಗಳ ಪ್ರಕಟಣೆಗಳ ಮೇಲೂ ಕಣ್ಣಿಡಿ.

ದೇರಾ_ಬಜ್ಪೆ:

ಗಲ್ಫ್ ವಿಷಯಕ್ಕೆ ಬರುವ. ಯುಎಇಯಲ್ಲಿ 2018ರ ಜನವರಿಯಿಂದ 5% ವ್ಯಾಟ್, 2023ರ ಜೂನ್ 1ಕ್ಕೆ ಅಥವಾ ಆಮೇಲೆ ಸುರುವಾಗುವ ಹಣಕಾಸು ವರ್ಷಗಳಿಗೆ ಕಾರ್ಪೊರೇಟ್ ಟ್ಯಾಕ್ಸ್, 3,75,000 ದಿರ್ಹಮ್ ಲಾಭದ ಮೇಲಿನದ್ದಕ್ಕೆ 9%. ಸೌದಿಯಲ್ಲಿ ವ್ಯಾಟ್ 15%, ಇ-ಇನ್‌ವಾಯ್ಸ್ ಕೂಡ ಬಂದಾಗಿದೆ. ಹಾಗಾಗಿ ಬರೇ ಎಂಟ್ರಿ ಹಾಕುವವರ ಕಾಲ ಅಲ್ಲಿಯೂ ಮುಗೀತು. ವ್ಯಾಟ್ ರಿಟರ್ನ್ ಅವಧಿ ಮುಗಿದು 28 ದಿನದೊಳಗೆ, ಕಾರ್ಪೊರೇಟ್ ಟ್ಯಾಕ್ಸ್ ರಿಟರ್ನ್ ವರ್ಷ ಮುಗಿದು 9 ತಿಂಗಳೊಳಗೆ. ಸಂದರ್ಶನದಲ್ಲಿ "ಫೈನಲೈಸೇಷನ್ ತನಕ ಒಬ್ಬರೇ ಮಾಡ್ತೀರಾ" ಅಂತ ಕೇಳ್ತಾರೆ. ಕಲ್ಸಂಕದವರು ಹೇಳಿದ್ದು ಅದಕ್ಕೇ ಸರಿ.

ಆಫರ್ ಬಂದಾಗ ಒಟ್ಟು ಸಂಬಳಕ್ಕಿಂತ ಬೇಸಿಕ್ ಎಷ್ಟು ಅಂತ ನೋಡಿ. ಗ್ರಾಚ್ಯುಟಿ ಬೇಸಿಕ್ ಮೇಲೆ, ಮೊದಲ 5 ವರ್ಷ ವರ್ಷಕ್ಕೆ 21 ದಿನದ್ದು, ಆಮೇಲೆ 30 ದಿನದ್ದು. 4,000 ದಿರ್ಹಮಿನಲ್ಲಿ ಬೇಸಿಕ್ 1,600 ಇಟ್ಟರೆ ವರ್ಷಕ್ಕೆ 1,120 ಬೀಳ್ತದೆ, 2,400 ಇಟ್ಟರೆ 1,680. ಅದೇ 4,000, ಮಾರಾಯ್ರೆ, ಸಹಿ ಹಾಕುವ ಮೊದಲು ಒಂದು ಮಾತು ಕೇಳಿದ್ದಕ್ಕೆ ಇಷ್ಟು ವ್ಯತ್ಯಾಸ. ಪ್ರೊಬೇಶನ್ 6 ತಿಂಗಳಿಗಿಂತ ಹೆಚ್ಚು ಇರುವ ಹಾಗಿಲ್ಲ. ಪ್ರೊಬೇಶನ್‌ನಲ್ಲಿ ಬಿಟ್ಟು ಅಲ್ಲಿಯೇ ಬೇರೆ ಕಡೆ ಸೇರುವುದಾದರೆ ಒಂದು ತಿಂಗಳ ನೋಟಿಸ್, ಊರಿಗೆ ಬರುವುದಾದರೆ 14 ದಿನ. ವೀಸಾ, ನೇಮಕಾತಿ ಖರ್ಚು ಕಂಪನಿಯದ್ದು, ನಿಮ್ಮ ಸಂಬಳದಿಂದ ಹಿಡಿಯುವ ಹಾಗಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಾಗೂ ಇಲ್ಲ.

ಏಜೆಂಟ್ ಮೂಲಕ ಹೋಗುವುದಾದರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ಲೈಸೆನ್ಸ್ ಚಾಲ್ತಿಯಲ್ಲಿ ಇದೆಯಾ ನೋಡಿ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಫೀಸ್ ಹೆಚ್ಚೆಂದರೆ 30,000, ಅದರ ಮೇಲೆ ಜಿಎಸ್‌ಟಿ, ರಶೀದಿ ಕೊಡಲೇಬೇಕು. ಲಕ್ಷ ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕುವವರು ಬಹಳ. ಸಂದರ್ಶನಕ್ಕೆ ಹೋಗುವುದು ಬೇರೆ, ಆ ವೀಸಾದಲ್ಲಿ ಕೆಲಸ ಸುರು ಮಾಡುವುದು ಕಾನೂನುಬಾಹಿರ. "ನಾಳೆಯಿಂದ ಬನ್ನಿ, ವೀಸಾ ಆಮೇಲೆ" ಅಂದರೆ ಒಪ್ಪಬೇಡಿ, ಸಂಬಳ ಕೊಡದಿದ್ದರೆ ದೂರು ಕೊಡಲಿಕ್ಕೂ ದಾರಿ ಇರುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಈಗಲೇ ಹೋಗಬೇಡಿ. ಈಗಿನ ರೆಸ್ಯೂಮೆಯಲ್ಲಿ ಹೋದರೆ ಅಲ್ಲಿಯೂ ಎಂಟ್ರಿಯೇ ಸಿಗುವುದು, ಆಮೇಲೆ ಅದರಿಂದ ಮೇಲೆ ಬರುವುದು ಇಲ್ಲಿಗಿಂತ ಕಷ್ಟ, ಯಾಕೆಂದರೆ ವೀಸಾ ಕಂಪನಿ ಕೈಯಲ್ಲಿ.

ಸಂತೆಕಟ್ಟೆ_ಬಿಕಾಂ:

ಎಲ್ಲರಿಗೂ ಉಪಕಾರ ಆಯ್ತು. ಒಂದು ತೊಡಕು ಉಂಟು. ನಮ್ಮ ಆಫೀಸಿನಲ್ಲಿ ಫೈನಲೈಸೇಷನ್ ಸೀನಿಯರ್ ಇಬ್ಬರಿಗೆ ಮಾತ್ರ. ಕೇಳಿದರೆ ಸರ್ "ಮೊದಲು ನಿಮ್ಮ 3ಬಿ ಮುಗಿಸಿ" ಅಂತಾರೆ. ಹೇಗೆ ಕೇಳುವುದು? ಮತ್ತೆ ಸ್ವಂತ ಪ್ರಾಕ್ಟೀಸ್ ಬಗ್ಗೆ ಯಾರೂ ಹೇಳಲಿಲ್ಲ.

ಕಲ್ಸಂಕ_ಲೆಡ್ಜರ್:

ಸರ್ ಹೇಳುವುದರಲ್ಲೂ ನ್ಯಾಯ ಉಂಟು, ನಿಮ್ಮ ಕೈಯಲ್ಲಿ ಫೈಲ್ ಕೆಟ್ಟರೆ ಸಹಿ ಅವರದ್ದು. ಹಾಗಾಗಿ ಅವರಿಗೆ ಅಪಾಯ ಇಲ್ಲದ ಹಾಗೆ ಕೇಳಿ. ಹೋದ ವರ್ಷ ಮುಗಿದ, ಸಹಿ ಆದ ಒಂದು ಪ್ರೊಪ್ರೈಟರಿ (ಒಬ್ಬರೇ ಮಾಲಕರ ವ್ಯಾಪಾರದ) ಫೈಲ್ ಕೇಳಿ. ಬ್ಯಾಲೆನ್ಸ್ ಶೀಟ್ ನೋಡದೆ, ಟ್ಯಾಲಿ ಡಾಟಾದ ಪ್ರತಿಯಿಂದ ನೀವೇ ಪೂರ್ತಿ ಫೈನಲೈಸ್ ಮಾಡಿ, ಆಮೇಲೆ ಸಹಿಯಾದ್ದರ ಜೊತೆ ತಾಳೆ ನೋಡಿ. ಎಲ್ಲಿ ವ್ಯತ್ಯಾಸ ಬಂತೋ ಅಲ್ಲಿ ಸೀನಿಯರ್ ಯಾವ ಜರ್ನಲ್ ಎಂಟ್ರಿ ಹಾಕಿದ್ದಾರೆ ಅಂತ ಹುಡುಕಿ. ಹತ್ತು ಕ್ಲಾಸಿನಲ್ಲಿ ಸಿಗದ್ದು ಆ ಎಂಟ್ರಿಗಳಲ್ಲಿ ಸಿಗ್ತದೆ. ಡಾಟಾ ಆಫೀಸಿನ ಕಂಪ್ಯೂಟರಿನಲ್ಲೇ ಇರಲಿ, ಪೆನ್‌ಡ್ರೈವಿಗೆ ಹಾಕಿ ಮನೆಗೆ ತಗೊಂಡು ಹೋದರೆ ಕಲಿತದ್ದಕ್ಕಿಂತ ಕಳೆದುಕೊಳ್ಳುವುದು ಹೆಚ್ಚು.

ಸಮಯ ಎಲ್ಲಿಂದ? 11ಕ್ಕೆ ಜಿಎಸ್‌ಟಿಆರ್-1, 13ಕ್ಕೆ ಐಎಫ್‌ಎಫ್ (ಮೂರು ತಿಂಗಳಿಗೊಮ್ಮೆಯ ಪಾರ್ಟಿಗಳ ಬಿಲ್ಲಿನ ವಿವರ), 14ಕ್ಕೆ 2ಬಿ (ಇನ್‌ಪುಟ್ ಪಟ್ಟಿ) ಬರ್ತದೆ, 20ಕ್ಕೆ 3ಬಿ, ಮೂರು ತಿಂಗಳಿಗೊಮ್ಮೆಯ ಪಾರ್ಟಿಗಳದ್ದು ಕರ್ನಾಟಕಕ್ಕೆ 22. ಅಂದರೆ 23ರಿಂದ ತಿಂಗಳ ಕೊನೆಯ ತನಕ ನಿಮ್ಮ ಮೇಜು ಖಾಲಿ. "ಸರ್, 23ರಿಂದ 30ರ ತನಕ ದಿನಾ ಒಂದು ಗಂಟೆ, ಹೋದ ವರ್ಷದ ಈ ಫೈಲ್" ಅಂತ ತಾರೀಕು, ಫೈಲ್ ಎರಡೂ ಹೇಳಿ ಕೇಳಿ. "ಕಲೀಬೇಕು ಸರ್" ಅಂತ ಮಾತ್ರ ಕೇಳಿದರೆ "ಆಯ್ತು ನೋಡುವ" ಅಂತಾರೆ, ನೋಡುವುದು ಮುಗಿಯುವುದೇ ಇಲ್ಲ.

ನೋಟಿಸ್ ಬಂದರೆ ಡ್ರಾಫ್ಟ್ ನಾನು ಮಾಡ್ತೇನೆ ಅನ್ನಿ. ಸುಲಭದ್ದು ಡಿಆರ್‌ಸಿ-01ಬಿ, ಜಿಎಸ್‌ಟಿಆರ್-1ಕ್ಕೂ 3ಬಿಗೂ ವ್ಯತ್ಯಾಸ ಇದ್ದರೆ ಬರುವುದು. 7 ದಿನದೊಳಗೆ ಕಟ್ಟಬೇಕು ಇಲ್ಲವೇ ಕಾರಣ ಕೊಡಬೇಕು, ಸುಮ್ಮನಿದ್ದರೆ ಮುಂದಿನ ಜಿಎಸ್‌ಟಿಆರ್-1 ನಿಲ್ತದೆ. ಅದರಿಂದ ಕೈ ಪಳಗಿದ ಮೇಲೆ ಎಎಸ್‌ಎಂಟಿ-10 (ರಿಟರ್ನ್ ಪರಿಶೀಲನೆಯ ನೋಟಿಸ್), ಅದಕ್ಕೆ ಸಾಧಾರಣ 30 ದಿನ ಸಿಗ್ತದೆ. ಒಂದು ವರ್ಷದಲ್ಲಿ ಐದಾರು ಫೈಲ್, ನಾಲ್ಕೈದು ನೋಟಿಸ್ ಆದರೆ ಸಂಬಳದ ಮಾತು ಎತ್ತಿ. ಎತ್ತುವುದಕ್ಕೆ ಡಿಸೆಂಬರ್ ಒಳ್ಳೆಯದು, ಸೆಪ್ಟೆಂಬರಿನಲ್ಲಿ ಯಾರ ತಲೆಯೂ ಸರಿ ಇರುವುದಿಲ್ಲ.

ಬ್ರಹ್ಮಾವರ_ಪಿಸಿಟಿ:

ಸ್ವಂತ ಪ್ರಾಕ್ಟೀಸ್: ಕಾಮರ್ಸ್ ಪದವಿ ಇದ್ದವರು ಜಿಎಸ್‌ಟಿ ಪ್ರಾಕ್ಟೀಶನರ್ ಆಗಿ ಪೋರ್ಟಲಿನಲ್ಲಿ ಪಿಸಿಟಿ-01 ಅರ್ಜಿ ಹಾಕಿ ನೋಂದಾಯಿಸಬಹುದು. ಆಮೇಲೆ ನಾಸಿನ್ (ಕೇಂದ್ರದ ತೆರಿಗೆ ತರಬೇತಿ ಸಂಸ್ಥೆ) ನಡೆಸುವ ಪರೀಕ್ಷೆ ಪಾಸಾಗಬೇಕು, 100 ಬಹು ಆಯ್ಕೆ ಪ್ರಶ್ನೆ, ಎರಡೂವರೆ ಗಂಟೆ, ಅರ್ಧ ಅಂಕ ಬಂದರೆ ಪಾಸ್, ತಪ್ಪಿಗೆ ಕಡಿತ ಇಲ್ಲ. ನಿಮ್ಮ ಅನುಭವಕ್ಕೆ ಎರಡು ತಿಂಗಳ ಓದು ಸಾಕು. ಕೆಲಸ ಬಿಡದೆಯೇ ಪರೀಕ್ಷೆ ಮುಗಿಸಿ ಇಟ್ಟುಕೊಳ್ಳಬಹುದು.

ಪಾಸಾಗುವುದಕ್ಕಿಂತ ಕಷ್ಟ ಫೀಸ್ ವಸೂಲಿ. ಪಾರ್ಟಿ ಬಿಲ್ಲು ಕೊಡುವುದು 19ಕ್ಕೆ ರಾತ್ರಿ, ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದು ನಿಮ್ಮ ತಲೆಗೆ. ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ: ಬಿಲ್ಲು 5ನೇ ತಾರೀಕಿಗೆ, ತಡವಾದರೆ ಲೇಟ್ ಫೀ ಪಾರ್ಟಿಯದ್ದು, ಫೀಸ್ ಮೂರು ತಿಂಗಳಿಗೆ ಮುಂಗಡ. ಪೋರ್ಟಲಿನಲ್ಲಿ ಮೊಬೈಲು, ಇಮೇಲ್ ಪಾರ್ಟಿಯದ್ದೇ ಇರಲಿ. ನಿಮ್ಮ ನಂಬರ್ ಹಾಕಿಕೊಂಡರೆ ಈಗ ಸುಲಭ, ಪಾರ್ಟಿ ಬೇರೆ ಕಡೆ ಹೋದ ದಿನ ಜಗಳ. ಮತ್ತೆ ಈಗಿನ ಆಫೀಸಿನ ಪಾರ್ಟಿಗಳನ್ನು ಎಳೆದುಕೊಂಡು ಹೋಗಬೇಡಿ, ಉಡುಪಿ ಅಷ್ಟು ದೊಡ್ಡ ಊರಲ್ಲ.

ಹಂಪನಕಟ್ಟೆಯವರಿಗೆ ಒಂದು ಮಾತು: ಸಂಬಳ ಇಲ್ಲದೆ ಆರೇ ತಿಂಗಳು ಅಂದವರಿಗೆ ಎರಡು ವರ್ಷದ ಆರ್ಟಿಕಲ್ಸ್ ಹೇಳುವುದು ಸರಿಯಾ?

ಹಂಪನಕಟ್ಟೆ_ಇಂಟರ್:

ಅದಕ್ಕೇ ಒಂದನೇ ಗ್ರೂಪ್ ಮಾತ್ರ ಮೊದಲು ಅಂದದ್ದು. ಅದು ಪಾಸಾಗುವ ತನಕ ಕೆಲಸ ಬಿಡಲಿಕ್ಕಿಲ್ಲ. ಎರಡನೆಯದ್ದು ಆಗುವಷ್ಟರಲ್ಲಿ ಎರಡು ವರ್ಷಕ್ಕೆ ಬೇಕಾದ ಹಣ ಒಟ್ಟಾಗದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಸಿಎ ಇಂಟರ್ ಪಾಸ್ ಅನ್ನುವುದಕ್ಕೆ ಮಂಗಳೂರಿನ ಕಂಪನಿಗಳಲ್ಲಿ ಬೇರೆಯೇ ಮರ್ಯಾದೆ ಉಂಟು, ಫೈನಲ್ ಆಗದಿದ್ದರೂ. ಆದರೆ ಬರೆಯುವುದಕ್ಕೆ ಕೊನೆಯ ಪ್ರಯತ್ನ ಯಾವುದು ಅಂತ ಈಗಲೇ ತೀರ್ಮಾನ ಮಾಡಿ, ಕ್ಲರ್ಕ್ ವಯಸ್ಸಿನ ಮಿತಿ ಲೆಕ್ಕಕ್ಕೆ ಇಟ್ಟುಕೊಂಡು.

ರೆಸ್ಯೂಮೆ ಬಗ್ಗೆಯೂ ಹೇಳ್ತೇನೆ. "ಜಿಎಸ್‌ಟಿಯಲ್ಲಿ 3 ವರ್ಷ ಅನುಭವ" ಅಂತ ಬರೀಬೇಡಿ, ಎಲ್ಲರೂ ಅದನ್ನೇ ಬರೀತಾರೆ. "35 ನೋಂದಣಿಗಳ ತಿಂಗಳ ರಿಟರ್ನ್, 2ಬಿ ತಾಳೆ, ಹೋಟೆಲ್ ಮತ್ತು ಗೇರುಬೀಜ ಉದ್ಯಮದ ಆರ್‌ಸಿಎಮ್" ಅಂತ ಬರೆಯಿರಿ. ಪಾರ್ಟಿಗಳ ಹೆಸರು ಬೇಡ.

ಸಂತೆಕಟ್ಟೆ_ಬಿಕಾಂ:

ಹಾಗಾದರೆ ಏಪ್ರಿಲ್ ಒಳಗೆ ಇಂಟರ್ ನೋಂದಣಿ, ಜನವರಿಗೆ ಒಂದನೇ ಗ್ರೂಪ್, ಈ 23ರಿಂದ ಹಳೆ ಫೈಲ್. ಸರ್ ಹತ್ತಿರ ನಾಳೆ ಮಾತಾಡ್ತೇನೆ. ದೇರಾದವರೇ, ಮುಂದೆ ಗಲ್ಫ್ ಆದರೆ ಆಗಲಿ ಅಂತ ಸರ್ಟಿಫಿಕೇಟ್ ಅಟೆಸ್ಟೇಷನ್ (ದೃಢೀಕರಣ) ಈಗಲೇ ಮಾಡಿಸಿ ಇಡ್ಲಾ?

ದೇರಾ_ಬಜ್ಪೆ:

ಪೂರ್ತಿ ಬೇಡ. ಕಾನ್ವೊಕೇಶನ್ ಸರ್ಟಿಫಿಕೇಟ್ ತೆಗೆಸಿ ಇಟ್ಟುಕೊಳ್ಳಿ, ಪ್ರೊವಿಶನಲ್ ನಡೆಯುವುದಿಲ್ಲ, ವಿವಿಯಿಂದ ಬರಲಿಕ್ಕೆ ಸಮಯ ಹಿಡಿಯುವುದು ಅದೇ. ಹೆಸರು, ಇನಿಶಿಯಲ್ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇದೆಯಾ ನೋಡಿ, ಇಲ್ಲದಿದ್ದರೆ ಈಗಲೇ ಸರಿ ಮಾಡಿಸಿ. ಯುಎಇ ಆದರೆ ರಾಜ್ಯ ಮಟ್ಟದ್ದು, ವಿದೇಶಾಂಗ ಸಚಿವಾಲಯದ್ದು, ಯುಎಇ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯದ್ದು. ಸೌದಿ 2022ರಲ್ಲಿ ಅಪೊಸ್ಟಿಲ್ (ದಾಖಲೆ ದೃಢೀಕರಣದ ಅಂತಾರಾಷ್ಟ್ರೀಯ) ಒಪ್ಪಂದಕ್ಕೆ ಸೇರಿದೆ, ಅಲ್ಲಿಗೆ ದಾರಿ ಬೇರೆ. ಯಾವ ದೇಶ ಅಂತ ಆಫರ್ ಲೆಟರ್ ಕೈಗೆ ಬಂದ ಮೇಲೆ ರಾಯಭಾರ ಕಚೇರಿಯ ದುಡ್ಡು ಕಟ್ಟಿ, ಮೊದಲೇ ಕಟ್ಟಿದರೆ ಬೇರೆ ದೇಶಕ್ಕೆ ಉಪಯೋಗ ಆಗುವುದಿಲ್ಲ.